ಗುಡಿ ನೋಡಿದ್ದಾಯಿತು, ಇನ್ನು ಪೇಟೆ

ಬಾದಾಮಿಯ ಮೇಣಬಸದಿಗಳ ಮೆಟ್ಟಿಲಿಳಿದು ಬಂದವರ ಕಣ್ಣಿಗೆ ಮೊದಲು ಬೀಳುವ ಸರಕು ಯಾವುದು? ಹೆಸರು ಕೊರೆದು ಕೊಡುವ ಕೀಚೈನು, ಅಚ್ಚಿನಲ್ಲಿ ಹೊಯ್ದ ಬುದ್ಧ, ಪ್ಲಾಸ್ಟಿಕ್ ಗದೆ, ಬಣ್ಣದ ಮಣಿಸರ. ಹಂಪಿಯಲ್ಲೂ ಅದೇ, ಬೇಲೂರಿನಲ್ಲೂ ಅದೇ, ಮಹಾಬಲಿಪುರದಲ್ಲೂ ಅದೇ. ಎರಡು ತಿಂಗಳಾದ ಮೇಲೆ ಶೋಕೇಸಿನಲ್ಲಿ ಅದನ್ನು ಕಂಡರೆ ಯಾವ ಊರಿನಿಂದ ತಂದದ್ದೆಂದು ತಂದವರಿಗೇ ನೆನಪಿರುವುದಿಲ್ಲ. ಗಾಡಿಯವರನ್ನು ದೂರಿ ಫಲವಿಲ್ಲ. ಬಸ್ಸು ಹೊರಡುವುದರೊಳಗೆ ಏನಾದರೊಂದು ಕೊಂಡುಬಿಡೋಣ ಎನ್ನುವ ಗಿರಾಕಿಗೆ ಅವರು ಏನಾದರೊಂದನ್ನು ಮಾರುತ್ತಾರೆ. ಇವತ್ತು ಬಂದವನು ನಾಳೆ ಬರುವುದಿಲ್ಲವೆಂದು ಅವರಿಗೂ ಗೊತ್ತು.

ಅದೇ ಬಾದಾಮಿಯಿಂದ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ಆಚೆ ಗುಳೇದಗುಡ್ಡ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂದು ಒಂದೇ ದಿನ ಮೂರು ಊರು ಸುತ್ತುವ ಕಾರುಗಳಲ್ಲಿ ಆ ಕಡೆ ತಿರುಗುವವು ತೀರ ಕಡಿಮೆ. ಅಲ್ಲಿಗೆ ಹೊರಗಿನವರು ಹೋಗುವುದು ಕಲ್ಲು ನೋಡಲಿಕ್ಕಲ್ಲ, ಬಟ್ಟೆ ನೋಡಲಿಕ್ಕೆ. ಪೇಟೆಯೊಳಗೆ ಖಣದ, ಅಂದರೆ ಕುಪ್ಪಸದ ಬಟ್ಟೆಯ ಅಂಗಡಿಗಳಿವೆ, ಓಣಿಯೊಳಗೆ ಮಗ್ಗಗಳಿವೆ. ಅಂಗಡಿಯ ಹೆಸರು ಬರೆದ ಹಲಗೆ ಮಾಸಿರಬಹುದು, ಗಾಜಿನ ಕಪಾಟು ಇಲ್ಲದಿರಬಹುದು. ಆದರೆ ಮೂರು ಜಾಗತಿಕ ಖ್ಯಾತಿಯ ಊರುಗಳ ಮಧ್ಯೆ ಈ ಭಾಗದಲ್ಲಿ ಕೈಬೀಸಿಕೊಂಡು ತಿರುಗುವ ಪ್ರವಾಸಿಗೆ ಬೇರೆಲ್ಲೂ ಸಿಗದ ವಸ್ತು ಸಿಗುವುದು ಇಲ್ಲಿಯೇ.

ದಾರಿ ಬಿಟ್ಟು ಹೋಗಿ ನೋಡುವಷ್ಟು ಒಂದು ಅಂಗಡಿ ಯೋಗ್ಯವೋ ಅಲ್ಲವೋ ಎನ್ನುವುದಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಆ ಊರಿನವರು ಅಲ್ಲಿ ಕೊಳ್ಳುತ್ತಾರೆಯೇ? ಗೋಡೆಗೆ ಹಳೆಯ ಸೈಕಲ್ ತೂಗುಹಾಕಿ, ಲಾಂದ್ರದ ಆಕಾರದ ದೀಪ ಹಚ್ಚಿ ‘ವಿಶಿಷ್ಟ’ ಎನಿಸಿಕೊಂಡ ಅಂಗಡಿಗಳು ಈಗ ಎಲ್ಲ ಊರಲ್ಲೂ ಇವೆ. ಒಳಗೆ ಹೋದರೆ ಜೈಪುರದ ರಜಾಯಿ, ಮೊರಾದಾಬಾದಿನ ಹಿತ್ತಾಳೆ. ಚೆಂದವೇ, ಆದರೆ ಊರಿಗೂ ಅಂಗಡಿಗೂ ಸಂಬಂಧವಿಲ್ಲ. ಊರಿನ ಹೆಂಗಸರು ಮಗಳ ಲಗ್ನಕ್ಕೆ, ಸೊಸೆಯ ಸೀಮಂತಕ್ಕೆ, ದೀಪಾವಳಿಗೆ ಹತ್ತಿ ಇಳಿಯುವ ಅಂಗಡಿಯ ಕಥೆ ಬೇರೆ. ಅಲ್ಲಿ ಮೋಸ ಮಾಡಿ ಬದುಕಲಾಗದು, ಮಾಡಿದರೆ ಊರೆಲ್ಲ ಸುದ್ದಿ.

ಗುಳೇದಗುಡ್ಡದ ಖಣದ ಅಂಗಡಿ ಅಂಥದ್ದು. ಚಪ್ಪಲಿ ಹೊರಗೆ ಬಿಟ್ಟು ಕಟ್ಟೆ ಹತ್ತಬೇಕು. ಬಿಳಿ ಹೊದಿಕೆಯ ಗಾದಿ, ಗೋಡೆಗುಂಟ ಅಟ್ಟಣಿಗೆ, ಅದರಲ್ಲಿ ಕಟ್ಟು ಕಟ್ಟಾಗಿ ಬಟ್ಟೆ. “ಬರ್ರಿ, ಕೂಡ್ರಿ” ಎಂಬುದು ಇಲ್ಲಿ ಬರಿಯ ಉಪಚಾರವಲ್ಲ, ವ್ಯಾಪಾರದ ಕ್ರಮ. ನಿಂತುಕೊಂಡು ಖಣ ನೋಡಲಾಗದು. ನೀವು ಕೂತ ಮೇಲೆಯೇ ಅಂಗಡಿಯವರು ಕಟ್ಟು ಬಿಚ್ಚಿ ಒಂದೊಂದಾಗಿ ಗಾದಿಯ ಮೇಲೆ ಹಾಸುತ್ತಾರೆ. ಹೆಚ್ಚಿನ ಖಣಗಳನ್ನು ತ್ರಿಕೋನವಾಗಿ ಮಡಚಿ ಇಟ್ಟಿರುತ್ತಾರೆ. ಏಕೆಂದರೆ ಇದು ಮೊದಲು ಉಡಿಯ ವಸ್ತು, ಆಮೇಲೆ ಕುಪ್ಪಸದ ಬಟ್ಟೆ. ತೆಂಗಿನಕಾಯಿ, ಅಕ್ಕಿ, ಅರಿಸಿನ ಬೇರು, ಎಲೆ ಅಡಿಕೆಯ ಜತೆ ಮುತ್ತೈದೆಯ ಉಡಿಗೆ ಹಾಕಿ ಕಳಿಸುವ ಖಣ. ಊರ ದೇವಿಗೂ ಇದೇ. ಉತ್ತರ ಕರ್ನಾಟಕದಲ್ಲಿ ಮಾತ್ರವಲ್ಲ, ಗಡಿಯಾಚೆ ಮಹಾರಾಷ್ಟ್ರದಲ್ಲೂ ಓಟಿ ತುಂಬಲು ಖಣವೇ ಬೇಕು. ಗುಳೇದಗುಡ್ಡದ ಮಗ್ಗಗಳು ಇಷ್ಟು ಕಾಲ ನಿಂತದ್ದು ಈ ಎರಡೂ ಸೀಮೆಯ ಉಡಿಗಳ ಮೇಲೆ.

ಬಟ್ಟೆಯನ್ನು ಹತ್ತಿರ ಹಿಡಿದು ನೋಡಿ. ಪನ್ನ ಕಿರಿದು, ಕುಪ್ಪಸಕ್ಕೆ ಸಾಕಾಗುವಷ್ಟೇ. ಮೈ ತುಂಬ ಸಣ್ಣ ಸಣ್ಣ ಬುಟ್ಟಾ, ಎರಡು ಬದಿಗೆ ಅಂಚು. ಬುಟ್ಟಾ ಅಚ್ಚೊತ್ತಿದ್ದಲ್ಲ, ಆಮೇಲೆ ಹೊಲಿದದ್ದೂ ಅಲ್ಲ. ಹಾಸಿನಲ್ಲೇ ಹೆಚ್ಚುವರಿ ಎಳೆ ಕೂಡಿಸಿ, ನೇಯುತ್ತ ನೇಯುತ್ತ ಅದನ್ನು ಮೇಲೆಬ್ಬಿಸಿದ್ದು. ಹಾಗಾಗಿ ಬೆಳಕಿಗೆ ಓರೆ ಹಿಡಿದರೆ ಹೂವು ಒಮ್ಮೆ ಮಿಂಚಿ ಒಮ್ಮೆ ಅಡಗುತ್ತದೆ. ವಿನ್ಯಾಸಗಳ ಹೆಸರು ಕೇಳಿ: ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ, ಕಳಾವರ ಹೂ. ಪಟ್ಟಣದ ಗಿರಾಕಿ ಬಣ್ಣದ ಮೇಲೆ ಕೇಳುತ್ತಾರೆ, ಊರಿನ ಗಿರಾಕಿ ಹೆಸರು ಹಿಡಿದು ಕೇಳುತ್ತಾರೆ. ನಾನು ಅಳೆದು ಸುರಿದು ಹಸಿರೋ ಜಾಂಬಳವೋ ಎಂದು ಕೂತಿದ್ದಾಗ ಪಕ್ಕಕ್ಕೆ ಬಂದ ಹೆಣ್ಣುಮಗಳೊಬ್ಬಳು ತನಗೆ ಬೇಕಾದದ್ದರ ಹೆಸರು ಹೇಳಿ, ಅಂಚನ್ನು ಹೆಬ್ಬೆರಳಿನಲ್ಲಿ ಒರೆಸಿ ನೋಡಿ, ಐದು ಖಣ ಕಟ್ಟಿಸಿಕೊಂಡು ಎದ್ದಳು. ಚಹಾ ಬರುವುದರೊಳಗೆ ವ್ಯಾಪಾರ ಮುಗಿದಿತ್ತು. ಆ ಅಂಗಡಿ ನಡೆಯುವುದು ಅವಳಿಂದ, ನನ್ನಂಥವನಿಂದಲ್ಲ.

ಹಾಗೆಂದು ಅವಳಂಥವರ ಸಂಖ್ಯೆ ಮೊದಲಿನಷ್ಟಿಲ್ಲ. ಸೀರೆಗೆ ಹೊಂದುವ ‘ಮ್ಯಾಚಿಂಗ್’ ಕುಪ್ಪಸ ಬಂದ ಕಾಲಕ್ಕೆ ಖಣದ ಬೇಡಿಕೆ ಕುಸಿಯಿತು. ಉಡಿಗೆ ಹಾಕುವ ಖಣ ಹೇಗೂ ಕಪಾಟಿಗೆ ಹೋಗುವುದೇ ತಾನೆ ಎಂದು ಅಗ್ಗದ ಪಾಲಿಯೆಸ್ಟರ್ ತುಂಡು ಕೊಡುವ ರೂಢಿ ಬಂತು. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗಗಳು ಒಂದೊಂದಾಗಿ ಮುಚ್ಚಿದವು. ನೇಕಾರರ ಮಕ್ಕಳು ಬೇರೆ ಬೇರೆ ಕೆಲಸ ಹಿಡಿದರು. ಇಂಥ ಹೊತ್ತಿನಲ್ಲಿ ಖಣದ ಕೈಹಿಡಿದವರಲ್ಲಿ ಬೆಂಗಳೂರು, ಪುಣೆ, ಮುಂಬೈಗಳ ಬೊಟಿಕ್‌ಗಳೂ ಸೇರಿವೆ. ಚೀಲ, ಜಾಕೀಟು, ದುಪಟ್ಟಾ, ಡೈರಿಯ ರಟ್ಟು ಎಂದು ಖಣ ಹೊಸ ರೂಪದಲ್ಲಿ ಹೊರಟಿತು. ಊರಿನಲ್ಲಿ ಕೊಳ್ಳುವ ಬೆಲೆಗೂ ಅಲ್ಲಿನ ಬೆಲೆಗೂ ಅಜಗಜಾಂತರ ಎಂದು ಗೊಣಗುವವರಿದ್ದಾರೆ. ಗೊಣಗಲಿ, ಆ ಚೀಲಗಳು ಮಾರಾಟವಾದದ್ದರಿಂದ ಕೆಲವು ಮಗ್ಗಗಳಾದರೂ ಸದ್ದು ಮಾಡುತ್ತಿವೆ. ನನ್ನ ತಕರಾರು ಬೇರೆಯದರ ಬಗ್ಗೆ. ಈಚೆಗೆ ‘ಖಣದ ಸೀರೆ’ ಎಂದು ಆನ್‌ಲೈನಿನಲ್ಲಿ ಭರ್ಜರಿಯಾಗಿ ಓಡುತ್ತಿರುವುದರಲ್ಲಿ ಬಹುಪಾಲು ವಿದ್ಯುತ್ ಮಗ್ಗದ್ದು. ಅದನ್ನು ಕೊಳ್ಳುವುದು ತಪ್ಪಲ್ಲ, ಕೈಮಗ್ಗವೆಂದು ಹೇಳಿ ಮಾರುವುದು ತಪ್ಪು.

ಗುಳೇದಗುಡ್ಡದಲ್ಲಿ ಖಣ ಕೊಂಡವರಿಗೆ ಇಳಕಲ್ಲಿಗೆ ಹೋಗದೆ ವಿಧಿಯಿಲ್ಲ. ಖಣದ ಕುಪ್ಪಸ, ಇಳಕಲ್ ಸೀರೆ, ಇವೆರಡೂ ಜೋಡಿ. ಹೋಗುವ ದಾರಿಯಲ್ಲಿ ಅಮೀನಗಡ ಸಿಗುತ್ತದೆ, ಐಹೊಳೆಗೆ ಸಮೀಪದ ಊರು. ಅಲ್ಲಿ ಇಳಿದು ಕರದಂಟು ಕಟ್ಟಿಸಿಕೊಳ್ಳಿ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲದ ಪಾಕ. ಗೋಕಾಕದವರು ತಮ್ಮದೇ ಮೇಲೆಂದು ವಾದ ಹೂಡುತ್ತಾರೆ. ಎರಡೂ ತಿಂದು ನೋಡಿ ನೀವೇ ತೀರ್ಮಾನಿಸಿ, ನಾನು ಆ ಜಗಳಕ್ಕೆ ಬರುವುದಿಲ್ಲ.

ಇಳಕಲ್ಲಿನಲ್ಲಿ ಗೊತ್ತಿರಬೇಕಾದ ಗುಟ್ಟು ಒಂದಿದೆ, ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದಿರಬಹುದು, ಸೆರಗು ರೇಷ್ಮೆಯದ್ದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಹೀಗೆ ಕೂಡಿಸಿದ ಹಾಸಿನಿಂದ ಬರುವುದು ಒಂದೇ ಸೀರೆ. ಇನ್ನೊಂದು ಬೇಕೆಂದರೆ ಮತ್ತೆ ಮೊದಲಿನಿಂದ ಕೊಂಡಿ ಹಾಕಬೇಕು. ಬೇರೆ ಕಡೆ ಉದ್ದನೆಯ ಹಾಸು ಹೂಡಿ ಸಾಲಾಗಿ ಹಲವು ಸೀರೆ ನೇಯ್ದು ಕತ್ತರಿಸುತ್ತಾರೆ, ಇಲ್ಲಿ ಹಾಗಾಗದು. ಅಂಗಡಿಯಲ್ಲಿ ಸೀರೆ ಬಿಚ್ಚಿದಾಗ ಮೊದಲು ಸೆರಗು ಶುರುವಾಗುವ ಜಾಗವನ್ನು ತಿರುವಿ ಹಿಡಿಯಿರಿ. ಒಡಲಿನ ಎಳೆ ಅಲ್ಲಿಗೆ ಮುಗಿದು ಸೆರಗಿನ ಎಳೆ ಹೊಕ್ಕು ಹಿಡಿದುಕೊಂಡ ಸಾಲು ಬೆರಳಿಗೆ ತಾಗುತ್ತದೆ. ಆಮೇಲೆ ಕೆಂಪು ಸೆರಗಿನ ಬಿಳಿಯ ಟೋಪ ತೆನಿ ನೋಡಿ, ಅಂಚು ಚಿಕ್ಕಿಯೋ ಗೋಮಿಯೋ ಕೇಳಿ. ಇಷ್ಟು ಕೇಳಿದರೆ ಸಾಕು, ಅಂಗಡಿಯವರು ಒಳಗಿನ ಕಪಾಟು ತೆಗೆಯುತ್ತಾರೆ. ಕೈಮಗ್ಗದ್ದು ಬೇಕು ಎಂದು ಬಾಯಿಬಿಟ್ಟು ಹೇಳಿ, ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದೂ ಕೇಳಿ. ಅದೇ ಊರಿನಲ್ಲಿ ಯಂತ್ರದ ಸೀರೆಯೂ ಇದೆ, ಅದರ ಬೆಲೆ ತೀರ ಕಡಿಮೆ. ಎರಡನ್ನೂ ಎದುರಿಗಿಟ್ಟು ವ್ಯತ್ಯಾಸ ತೋರಿಸುವ ಅಂಗಡಿ ಸಿಕ್ಕರೆ ಅದನ್ನು ಬಿಡಬೇಡಿ.

ಹುಬ್ಬಳ್ಳಿ ಕಡೆಯಿಂದ ಬಾದಾಮಿಗೆ ಬರುವವರಿಗೆ ನವಲಗುಂದ ದಾರಿಯಲ್ಲೇ ಇದೆ. ಜಮಖಾನೆಯ ಊರು. ಸಾಮಾನ್ಯವಾಗಿ ನೇಕಾರಿಕೆಯೆಂದರೆ ಗಂಡಸು ಮಗ್ಗದಲ್ಲಿ, ಹೆಂಗಸು ನೂಲು ಸುತ್ತುವುದರಲ್ಲಿ. ನವಲಗುಂದದಲ್ಲಿ ನೇಯುವವರು ಹೆಂಗಸರೇ. ಮನೆಯ ಗೋಡೆಗೆ ನೆಟ್ಟಗೆ ನಿಲ್ಲಿಸಿದ ಮಗ್ಗ, ಮುಂದೆ ಕೂತು ಎಳೆ ಒತ್ತುವುದು ಕೈಯಲ್ಲಿ ಹಿಡಿದ ಹಣಿಗೆಯಿಂದ. ನವಿಲು ಮತ್ತು ಪಗಡೆಯ ಪಟ ಇಲ್ಲಿನ ಗುರುತು, ನಮಾಜಿನ ಜಮಖಾನೆಯೂ ಇದೆ. ಮಗಳು ಮದುವೆಯಾಗಿ ಹೊರಗೆ ಹೋಗುತ್ತಾಳೆಂದು ಅವಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರೆಂದು ಹೇಳುತ್ತಾರೆ. ಆ ಎಚ್ಚರಿಕೆಯೇ ಕಡೆಗೆ ಕಸುಬಿಗೆ ಮುಳುವಾಯಿತೇನೋ, ಈಗ ನೇಯುವ ಮನೆಗಳು ಬೆರಳೆಣಿಕೆಯಷ್ಟು. ಇಲ್ಲಿ ಅಂಗಡಿಯೆಂದರೆ ಪಡಸಾಲೆ. ಸಿದ್ಧ ಸರಕು ಇರಲಿಕ್ಕಿಲ್ಲ, ಅಳತೆ ಹೇಳಿ ಬರಬೇಕು.

ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇನ್ನೊಂದು ಬಗೆಯ ಜಾಗವಿದೆ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರ ನವೆಂಬರ್ 1ರಂದು ಹುಟ್ಟಿದ ಸಂಸ್ಥೆ. ಖಾದಿಯ ರಾಷ್ಟ್ರಧ್ವಜ ಸಿದ್ಧವಾಗುವುದು ಇಲ್ಲಿ, ಭಾರತೀಯ ಮಾನಕ ಬ್ಯೂರೊದ ಕಟ್ಟುನಿಟ್ಟಿನ ಅಳತೆಯಲ್ಲಿ. ಧ್ವಜಕ್ಕೆ ಒಟ್ಟು ಒಂಬತ್ತು ಗಾತ್ರಗಳು. ಅತಿ ಚಿಕ್ಕದು 150ಕ್ಕೆ 100 ಮಿಲಿಮೀಟರ್, ಮೇಜಿನ ಮೇಲಿಡುವಂಥದ್ದು. ಅತಿ ದೊಡ್ಡದು 6300ಕ್ಕೆ 4200 ಮಿಲಿಮೀಟರ್. ಚಕ್ರದ 24 ಗೆರೆಗಳು ಎರಡೂ ಮಗ್ಗುಲಲ್ಲಿ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂಡಬೇಕು. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ, ಎಲ್ಲಕ್ಕೂ ಪರೀಕ್ಷೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಸಿಕ್ಕಿತು. ಬೆಂಗೇರಿಯ ಹೆಣ್ಣುಮಕ್ಕಳ ಕೈಗೆಲಸಕ್ಕೆ ಬಿದ್ದ ಪೆಟ್ಟು ಅದು. ಆಗಸ್ಟ್ 15ಕ್ಕೆ ಸಿಗ್ನಲ್ಲಿನಲ್ಲಿ ಸಿಗುವ ಧ್ವಜದ ಬದಲು ಇಲ್ಲಿಯದನ್ನು ತಂದಿಟ್ಟುಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಧಾರವಾಡಕ್ಕೆ ಬಂದರೆ ಪೇಡೆ ಬಿಟ್ಟು ಮಾತಾಡುವಂತಿಲ್ಲ. ಉತ್ತರ ಪ್ರದೇಶದ ಉನ್ನಾವದಿಂದ ಪ್ಲೇಗಿನ ಕಾಲದಲ್ಲಿ ಬಂದ ಠಾಕೂರ್ ಮನೆತನ ಶುರುಮಾಡಿದ ತಿನಿಸು ಇಂದು ಊರಿನ ಹೆಸರನ್ನೇ ಹೊತ್ತಿದೆ. ಖೋವಾ ಮತ್ತು ಸಕ್ಕರೆಯನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿದರೆ ಪೇಡೆ. ಹೇಳಲು ಇಷ್ಟೇ, ಹುರಿಯುವ ಹದ ಕೈಗೆ ಬರಲು ವರ್ಷಗಳೇ ಬೇಕು. ಮಿಶ್ರಾ ಪೇಡೆ ಹೆದ್ದಾರಿಯುದ್ದಕ್ಕೂ ಸಿಗುತ್ತದೆ, ಬಸ್ ನಿಲ್ದಾಣದಲ್ಲೂ ಸಿಗುತ್ತದೆ. ಲೈನ್ ಬಜಾರಿನ ಠಾಕೂರರ ಅಂಗಡಿಯ ಮುಂದೆ ಜನ ಸರತಿ ನಿಲ್ಲುತ್ತಾರೆ. ಯಾವುದು ರುಚಿ ಎನ್ನುವುದಕ್ಕಿಂತ ಎರಡು ಬಗೆಯ ವ್ಯಾಪಾರವನ್ನು ಒಂದೇ ಊರಿನಲ್ಲಿ, ಒಂದೇ ತಿನಿಸಿನಲ್ಲಿ ನೋಡಬಹುದಲ್ಲ, ಅದು ನನಗೆ ಹೆಚ್ಚು ಸ್ವಾರಸ್ಯ.

ಪೇಡೆ ಕಟ್ಟಿಸಿಕೊಂಡವರು ಸುಭಾಷ ರಸ್ತೆಗೆ ನಡೆದು ಮೇಲ್ಮಹಡಿಯ ‘ಅಟ್ಟ’ ಹತ್ತಬೇಕು. 1933ರಲ್ಲಿ ಜಿ.ಬಿ. ಜೋಶಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಜಾಗವಿದು. ಚಂದಾದಾರರಿಂದ ಮುಂಗಡ ಹಣ ಪಡೆದು ವರ್ಷಕ್ಕಿಷ್ಟು ಪುಸ್ತಕ ಕಳಿಸುವ ಪದ್ಧತಿಯಲ್ಲಿ ಬೆಳೆದ ಪ್ರಕಾಶನ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹರಟೆ ನಡೆಯುತ್ತಿದ್ದದ್ದು ಈ ಅಟ್ಟದಲ್ಲಿ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಅಚ್ಚಾದದ್ದು ಇವರಿಂದಲೇ, 1961ರಲ್ಲಿ. ಐವತ್ತು ವರ್ಷಗಳ ನಂತರ ಅವರ ಆತ್ಮಕಥೆ ‘ಆಡಾಡತ ಆಯುಷ್ಯ’ವೂ ಇವರಿಂದಲೇ. ಬರೆದವರು, ಅಚ್ಚು ಹಾಕಿಸಿದವರು, ಓದುವವರು ಒಂದೇ ಅಟ್ಟದ ಮೇಲೆ ಕೂತು ಚಹಾ ಕುಡಿದ ಇಂಥ ಇನ್ನೊಂದು ಪುಸ್ತಕದ ಅಂಗಡಿ ಕನ್ನಡದಲ್ಲಿ ನನಗೆ ಗೊತ್ತಿಲ್ಲ.

ಪುಸ್ತಕದ ಅಂಗಡಿಯ ಮಾತು ಬಂದಾಗ ಬೆಂಗಳೂರಿನ ಪ್ರೀಮಿಯರ್ ನೆನಪಾಗದೆ ಇರದು. ಟಿ.ಎಸ್. ಶಾನಭಾಗರು 1971ರಲ್ಲಿ ತೆರೆದು 2009ರಲ್ಲಿ ಮುಚ್ಚಿದ ಅಂಗಡಿ. ನೆಲದಿಂದ ಮಾಡಿನವರೆಗೆ ಪುಸ್ತಕದ ಗೋಡೆಗಳು, ನಡುವೆ ಒಬ್ಬರು ಅಡ್ಡಡ್ಡವಾಗಿ ತೂರುವಷ್ಟೇ ದಾರಿ. ಯಾವ ಪುಸ್ತಕ ಕೇಳಿದರೂ ಶಾನಭಾಗರು ಕೂತಲ್ಲಿಂದಲೇ ಅದು ಯಾವ ರಾಶಿಯಲ್ಲಿದೆ ಎಂದು ಹೇಳುತ್ತಿದ್ದರು, ಕೇಳದೆಯೇ ರಿಯಾಯಿತಿ ಕೊಡುತ್ತಿದ್ದರು. ವ್ಯಾಪಾರ ಇರಲಿಲ್ಲವೆಂದು ಅದು ಮುಚ್ಚಿದ್ದಲ್ಲ, ಕಟ್ಟಡದ ಗುತ್ತಿಗೆ ಮುಗಿದು ಮುಚ್ಚಿದ್ದು. ಸಣ್ಣ ಅಂಗಡಿಗಳ ಅಳಿವು ಉಳಿವಿನ ಬಗ್ಗೆ ಮಾತಾಡುವಾಗ ನಾವು ಆನ್‌ಲೈನ್ ಪೈಪೋಟಿ, ಮಾಲ್, ಹೊಸ ತಲೆಮಾರಿನ ಅಭಿರುಚಿ ಎಂದೆಲ್ಲ ಹೇಳುತ್ತೇವೆ. ಹಳೆಯ ಪೇಟೆಗಳಲ್ಲಿ ಸುತ್ತಾಡಿ ನೋಡಿದರೆ ಇನ್ನೂ ಸರಳವಾದ ಕಾರಣ ಕಾಣುತ್ತದೆ. ಬಹುಮಟ್ಟಿಗೆ ಉಳಿದಿರುವವು ಸ್ವಂತ ಕಟ್ಟಡದ ಅಂಗಡಿಗಳು, ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡವು. ತಿಂಗಳಿಗೆ ಬಾಡಿಗೆ ಕಟ್ಟಬೇಕಾದವನು ತಿಂಗಳಿಗೆ ಮಾರಾಟವಾಗುವ ಸರಕನ್ನೇ ಇಡಬೇಕು. ಆರು ತಿಂಗಳು ಕಾದು ಮಾರಾಟವಾಗುವ ವಸ್ತುವನ್ನು ಇಟ್ಟುಕೊಂಡು ಕೂರಲು ಸ್ವಂತ ಗೋಡೆ ಬೇಕು. ರಸ್ತೆ ಅಗಲೀಕರಣ ಬಂತೆಂದರೆ ಆ ಗೋಡೆಯೂ ಹೋಯಿತು.

ಬೀದರ್ ಬೇರೆಯದೇ ಪ್ರವಾಸ, ಅದಕ್ಕೆಂದೇ ಎರಡು ದಿನ ಇಟ್ಟುಕೊಳ್ಳಬೇಕು. ಹಳೆ ಊರಿನ ನಡುವೆ ಚೌಬಾರ ಎಂಬ ದುಂಡನೆಯ ಕಾವಲು ಗೋಪುರ. ಅಲ್ಲಿಂದ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ಕಡೆಗೆ ಹೋಗುವ ರಸ್ತೆಯಲ್ಲಿ ಬಿದರಿ ಅಂಗಡಿಗಳು. ಮುಂದೆ ಮಾರಾಟ, ಹಿಂದೆ ಕೆಲಸ. ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಉಳಿಯ ಟಕಟಕ ಕಿವಿಗೆ ಬೀಳುತ್ತದೆ. ಕಪಾಟಿನ ಹೂದಾನಿಗಳನ್ನು ಆಮೇಲೆ ನೋಡಿದರಾಯಿತು, ಮೊದಲು ಅನುಮತಿ ಕೇಳಿ ಹಿಂದಿನ ಕೋಣೆಗೆ ಹೋಗಿ.

ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಕೂಡಿಸಿ ಕರಗಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕ ಒರಟಾಗಿ ಬರುತ್ತದೆ, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಬೆಳ್ಳಗೆ ಹೊಳೆಯುವ ಈ ಮೈಮೇಲೆ ಚಿತ್ರ ಬರೆದರೆ ಕಾಣದು. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಚೂಪು ಮೊನೆಯಿಂದ ಬಳ್ಳಿ, ಹೂವು, ನಕ್ಷತ್ರ ಗೀಚುತ್ತಾರೆ. ಕಾಗದ ಇಟ್ಟು ತೆಗೆಯುವುದಿಲ್ಲ, ಕೈಯಂದಾಜಿನಲ್ಲೇ. ಬಳಿಕ ಸಣ್ಣ ಉಳಿ, ಸಣ್ಣ ಸುತ್ತಿಗೆ. ಗೀಚಿದ ಗೆರೆ ಕಾಲುವೆಯಾಗುತ್ತದೆ. ಕಾಲುವೆಯೊಳಗೆ ಬೆಳ್ಳಿಯ ತಂತಿ ಇಟ್ಟು ಬಡಿದು ಕೂಡಿಸುತ್ತಾರೆ. ತಂತಿ ಕೂಡಿಸುವ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡು ಕೂಡಿಸುವುದಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಇಷ್ಟಾದ ಮೇಲೆ ಮತ್ತೆ ಉಜ್ಜಿದಾಗ ವಿಚಿತ್ರ ನೋಡಿ: ಲೋಹವೂ ಬಿಳಿ, ಬೆಳ್ಳಿಯೂ ಬಿಳಿ, ವಾರಗಟ್ಟಲೆ ಮಾಡಿದ ಕೆಲಸ ಕಣ್ಣಿಗೇ ಕಾಣುವುದಿಲ್ಲ.

ಕೊನೆಯ ಹಂತಕ್ಕೆ ಬೀದರ್ ಕೋಟೆಯ ಮಣ್ಣು ಬೇಕು. ಹೊಲದ ಮಣ್ಣು ಆಗದು. ಕೋಟೆಯೊಳಗಿನ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ಕಾಣದೆ ಶತಮಾನಗಳಿಂದ ಬಿದ್ದಿರುವ ಮಣ್ಣು. ಸರಿಯಾದದ್ದೋ ಅಲ್ಲವೋ ಎಂದು ಕಾರಿಗರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದನ್ನು ನವಸಾಗರದ ಜತೆ ನೀರಿನಲ್ಲಿ ಕದಡಿ ಕುದಿಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜಿದರೆ ಸತುವಿನ ಮೈ ನೋಡನೋಡುತ್ತಲೇ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಕಾಣದೆ ಹೋಗಿದ್ದ ಬಳ್ಳಿಯೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತದೆ. ತೊಳೆದು ಒರೆಸಿ ಎಣ್ಣೆ ಹಚ್ಚಿದರೆ ಮುಗಿಯಿತು. ಪ್ರವಾಸದಲ್ಲಿ ಕಾಸು ಕೊಟ್ಟು ಬೆಳಕು-ಧ್ವನಿ ಪ್ರದರ್ಶನ ನೋಡುತ್ತೇವಲ್ಲ, ಅದಕ್ಕಿಂತ ಇದು ಎಷ್ಟೋ ಮೇಲು.

ಊರಿನವರು ಕೊಳ್ಳುತ್ತಾರೆಯೇ ಎಂಬ ನನ್ನ ಪ್ರಶ್ನೆ ಬೀದರಿಗೆ ಪೂರ್ತಿ ಹೊಂದುವುದಿಲ್ಲ. ಹುಕ್ಕಾ, ಪಾನದಾನ, ಹೂಜಿಗಳನ್ನು ಮಾಡಿಸಿಕೊಳ್ಳುತ್ತಿದ್ದ ಮನೆತನಗಳ ಕಾಲ ಹೋಯಿತು. ಈಗ ದೊಡ್ಡ ಗಿರಾಕಿ ಸರ್ಕಾರ ಮತ್ತು ಕಂಪನಿಗಳು. ಸನ್ಮಾನದ ಸ್ಮರಣಿಕೆ, ಪೆನ್ನು ಇಡುವ ಡಬ್ಬಿ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು, 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಮಾನ್ಯತೆ, ಪ್ರಶಸ್ತಿಗಳಿಂದ ಹೆಸರು ಬರುತ್ತದೆ, ದಿನದ ಗಿರಾಕಿ ಬರುವುದಿಲ್ಲ. ಬೆಳ್ಳಿಯ ಬೆಲೆ ಏರಿದಷ್ಟೂ ಕಾರಿಗರ ಬಂಡವಾಳ ಕಟ್ಟಿಬೀಳುತ್ತದೆ. ಇಲ್ಲಿ ಪ್ರವಾಸಿಯ ಒಂದು ಜತೆ ಓಲೆ, ಒಂದು ಸಣ್ಣ ಡಬ್ಬಿಯ ವ್ಯಾಪಾರಕ್ಕೂ ತೂಕವಿದೆ. ಕೊಳ್ಳುವಾಗ ಕೂ‌ಡಿಸಿರುವುದು ಬೆಳ್ಳಿಯೇ ಎಂದು ನೇರವಾಗಿ ಕೇಳಿ. ಬೆಳ್ಳಿ ಎಷ್ಟು, ಮಜೂರಿ ಎಷ್ಟು ಎಂದು ಬಿಡಿಸಿ ಹೇಳುವ ಅಂಗಡಿ ನಂಬಿಕೆಗೆ ಯೋಗ್ಯ.

ಹಂಪಿಗೆ ಹೋದವರು ಕೊಪ್ಪಳದ ಬಳಿಯ ಕಿನ್ನಾಳಕ್ಕೂ ಒಂದು ಸುತ್ತು ಹಾಕಬಹುದು. ಹಗುರ ಮರ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಬಳಸಿ ಚಿತ್ರಗಾರ ಮನೆತನಗಳು ಮಾಡುವ ಗೌರಿ, ಗರುಡ, ಹಣ್ಣಿನ ಬುಟ್ಟಿಗಳ ಊರು. ಮಲೆನಾಡಿನ ಕಡೆ ಹೋದರೆ ಹೆಗ್ಗೋಡಿನ ಚರಕ. ರಂಗಕರ್ಮಿ ಪ್ರಸನ್ನ ಹುಟ್ಟುಹಾಕಿದ ಈ ಮಹಿಳಾ ಸಹಕಾರ ಸಂಘದಲ್ಲಿ ಬಟ್ಟೆಗೆ ಹಚ್ಚುವ ಕೆಂಗಂದು ಬಣ್ಣ ಅಡಿಕೆ ಬೇಯಿಸಿದ ಚೊಗರಿನದು. ಅಡಿಕೆ ಸೀಮೆಯಲ್ಲಿ ಅಡಿಕೆಯ ಬಣ್ಣ, ಕೋಟೆಯೂರಿನಲ್ಲಿ ಕೋಟೆಯ ಮಣ್ಣು. ಊರಿನ ಅಂಗಡಿ ಎಂದು ನಾನು ಕರೆಯುವುದು ಇಂಥವನ್ನು.

ಹೋಗುವವರಿಗೆ ಒಂದಿಷ್ಟು ಕಿವಿಮಾತು. ಅಮಾವಾಸ್ಯೆಯ ದಿನ ನೇಕಾರರ ಊರಿಗೆ ಹೋಗಬೇಡಿ, ಎಷ್ಟೋ ಮಗ್ಗ ಅಂದು ನಿಂತಿರುತ್ತವೆ. ಬೀದರಿನಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಹೋಗಿ. ಜೇಬಿನಲ್ಲಿ ನಗದು ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಾಗ ರಾಜ್ಯದ ಎಷ್ಟೋ ಸಣ್ಣ ವ್ಯಾಪಾರಿಗಳು ಕ್ಯುಆರ್ ಕೋಡನ್ನೇ ಕಿತ್ತಿಟ್ಟರು; ಆ ಅಳುಕು ಎಲ್ಲ ಕಡೆ ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ನೀವೇ ಬೋಣಿ ಗಿರಾಕಿ. ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಅಂಗಡಿಯವರಿಗೆ ಮನಸ್ಸಾಗದು, ಬೆಲೆ ತುಸು ಇಳಿಯುತ್ತದೆ. ಆದರೆ ಸುಮ್ಮನೆ ನೋಡಿಹೋಗುವ ಉದ್ದೇಶವಿದ್ದರೆ ಆ ಹೊತ್ತಿಗೆ ಹೋಗಬೇಡಿ, ಅವರ ಇಡೀ ದಿನ ಕೆಟ್ಟಂತೆ. ಚೌಕಾಸಿ ಮಾಡುವುದರಲ್ಲಿ ತಪ್ಪೇನಿಲ್ಲ, ಇಳಕಲ್ಲಿನ ಗಾದಿಯ ಮೇಲೆ ಎಲ್ಲರೂ ಮಾಡುತ್ತಾರೆ. ನೇಯುವವರ, ಕೆತ್ತುವವರ ಮನೆಯಲ್ಲೇ ಕೂತು ಮಾತ್ರ ಮಾಡಬೇಡಿ. ಅಂಗಡಿಯವರ ಲಾಭದಲ್ಲಿ ಕಡಿತವಾಗುವುದು ಬೇರೆ, ಕೂಲಿಯಲ್ಲಿ ಕಡಿತವಾಗುವುದು ಬೇರೆ.

ಫೋಟೊ ಹಿಡಿಯುವ ಮುನ್ನ ಕೇಳಿ. ವಿನ್ಯಾಸದ ಚಿತ್ರ ಹೊರಗೆ ಹೋಗಿ ವಾರದೊಳಗೆ ಯಂತ್ರದಲ್ಲಿ ಅಚ್ಚಾಗಿ ಬರುವ ಕಾಲ ಇದು, ಅವರ ಹಿಂಜರಿಕೆಗೆ ಕಾರಣವಿದೆ. ಇನ್ನು ಕೊನೆಯದಾಗಿ, ಕೊಂಡ ಮೇಲೆ ರಸೀದಿಯ ಜತೆ ಅಂಗಡಿಯ ಫೋನ್ ನಂಬರನ್ನೂ ಬರೆಸಿಕೊಂಡು ಬನ್ನಿ. ಮನೆಯಲ್ಲಿ ಮುಂದಿನ ಮದುವೆಗೋ ಸೀಮಂತಕ್ಕೋ ಉಡಿಗೆ ಖಣ ಬೇಕಾದಾಗ ಒಂದು ಕರೆ ಮಾಡಿ, ಅಂಚೆಯಲ್ಲಿ ಕಳಿಸಿಕೊಡುತ್ತೀರಾ ಎಂದು ಕೇಳಿ. ಆ ಅಂಗಡಿ ಉಳಿಯುವುದು ನಿಮ್ಮ ಎರಡನೆಯ ಖರೀದಿಯಿಂದ.